ಎಲ್ಲರಿಗೂ ಆದರದ ಸ್ವಾಗತ ಅಂತೀರಿ, ವಸ್ತಿ ಬಸ್ಸು ಎಷ್ಟಕ್ಕೆ ಗೊತ್ತೇನ್ರಿ?

ಮಹಾನವಮಿ ಮುಗಿಯಿತು. ಗೋವಿನಜೋಳ ಕಟಾವಿಗೆ ಬಂದಿದೆ. ಹಿಂಗಾರಿ ಬಿತ್ತನೆ ಕೆಲವರದ್ದು ಆಗಿದೆ, ಕೆಲವರು ಇನ್ನೂ ಹಸಿ ನೋಡುತ್ತಾ ಕೂತಿದ್ದಾರೆ. ಇದೇ ಹೊತ್ತಿಗೆ ವಿಶ್ವವಿದ್ಯಾಲಯಗಳಲ್ಲೂ ಒಂದು ಸುಗ್ಗಿ ಶುರುವಾಗುತ್ತದೆ. ರಾಜ್ಯೋತ್ಸವ, ದತ್ತಿ ಉಪನ್ಯಾಸ, ವಿಶೇಷ ಉಪನ್ಯಾಸ, ವಿಚಾರ ಸಂಕಿರಣ, ಯುವಜನೋತ್ಸವ, ನಾಟಕ, ಘಟಿಕೋತ್ಸವ ಎಲ್ಲವೂ ಇನ್ನು ಮಾರ್ಚ್ ಕೊನೆಯವರೆಗೆ ಒಂದರ ಹಿಂದೆ ಒಂದು.

ಹೋದ ವಾರ ನಮ್ಮ ವಾಟ್ಸಾಪ್ ಗುಂಪಿಗೆ ಇಂಥ ಆರು ಆಮಂತ್ರಣ ಬಂದವು. ಆರರಲ್ಲಿ ನಾಲ್ಕು ಬಂದದ್ದು ಕಾರ್ಯಕ್ರಮದ ದಿನವೇ ಬೆಳಗ್ಗೆ. ಒಂದು ಬಂದಾಗ ಅಲ್ಲಿ ದೀಪ ಹಚ್ಚಿ ಆಗಿತ್ತು. ಆರಕ್ಕೆ ಆರರ ಕೊನೆಗೂ ಒಂದೇ ಸಾಲು: ‘ಎಲ್ಲರಿಗೂ ಆದರದ ಸ್ವಾಗತ.’

ಈ ‘ಎಲ್ಲರಿಗೂ’ ಅನ್ನುವ ಮಾತಿನಲ್ಲಿ ನಮ್ಮ ಊರಿನವರು ಇದ್ದಾರೋ ಇಲ್ಲವೋ ಎಂದು ಕೇಳುವುದಕ್ಕೇ ಇದನ್ನು ಬರೆಯುತ್ತಿದ್ದೇವೆ. ನಾವು ಏಳೆಂಟು ಜನ. ಎಲ್ಲರೂ ಹಳ್ಳಿಯವರು, ಪತ್ರಿಕೋದ್ಯಮ ಓದಿದವರು. ಆ ಸಭಾಂಗಣಗಳಲ್ಲಿ ಎರಡು ವರ್ಷ ಕೂತು ಎದ್ದವರು. ಹೊರಗಿನಿಂದ ನೋಡಿ ದೂರುತ್ತಿಲ್ಲ.

ಮೊದಲು ಒಂದು ಸಂಗತಿ ಹೇಳಬೇಕು. ನಮ್ಮಲ್ಲೊಬ್ಬನ ಅಪ್ಪ ಏಳನೇ ಇಯತ್ತೆ ಓದಿದವರು, ನಾಲ್ಕೆಕರೆ ಹೊಲ ಮಾಡುವವರು. ಪೇಪರ್ ಸಿಕ್ಕರೆ ಜಾಹೀರಾತು ಸಹಿತ ಓದುತ್ತಾರೆ. ಅವರ ಊರಿನ ಹನುಮಪ್ಪನ ಗುಡಿಯ ಹಿಂದೆ ಸೊಂಟದೆತ್ತರದ ಒಂದು ಕಲ್ಲು ಇತ್ತು. ಮೇಲೆ ಸೂರ್ಯ, ಚಂದ್ರ. ಕೆಳಗೆ ಲಿಂಗ, ಕರುವಿಗೆ ಹಾಲೂಡಿಸುವ ಆಕಳು. ಅದರ ಕೆಳಗೆ ಸಾಲು ಸಾಲು ಹಳೆಯ ಅಕ್ಷರ. ಊರಲ್ಲಿ ಒಬ್ಬರು ಅದು ನಿಧಿ ಇಟ್ಟ ಗುರುತು ಅನ್ನುವರು, ಇನ್ನೊಬ್ಬರು ಊರಿಗೆ ಕೊಟ್ಟ ಶಾಪ ಅನ್ನುವರು. ಏನು ಬರೆದಿದೆ ಎಂದು ತಿಳಿಯಬೇಕು ಅನ್ನುವುದು ಅಪ್ಪನಿಗೆ ಸಣ್ಣವರಿದ್ದಾಗಿನಿಂದ ಇದ್ದ ಆಸೆ.

ಮೂರು ವರ್ಷದ ಹಿಂದೆ ನಮ್ಮ ಗುಂಪಿಗೆ ಒಂದು ಆಮಂತ್ರಣ ಬಂತು. ಒಂದು ವಿಶ್ವವಿದ್ಯಾಲಯದಲ್ಲಿ, ಯಾವುದು ಎಂಬುದು ಇಲ್ಲಿ ಬೇಡ, ನಮ್ಮ ಭಾಗದ ಶಾಸನಗಳ ಮೇಲೆ ಸಾರ್ವಜನಿಕ ಉಪನ್ಯಾಸ. ಮಧ್ಯಾಹ್ನ ಮೂರು ಗಂಟೆಗೆ. ಮಗ ಅಪ್ಪನಿಗೆ ಕಳಿಸಿದ. ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು, ಕಲ್ಲಿನ ಫೋಟೊ ಫೋನಿನಲ್ಲಿ ಹೊಡೆದುಕೊಂಡು, ಹನ್ನೊಂದರ ಬಸ್ಸು ಹಿಡಿದರು.

ಗೇಟಿನಲ್ಲಿ ಕಾವಲಿನವರು ತಡೆದರು. “ಕಾಕಾ, ಎಲ್ಲಿಗಿ? ಹುಡುಗನ ಅಡ್ಮಿಷನ್ನಾ?”

“ಅಲ್ಲಪ್ಪ, ಭಾಷಣ ಕೇಳಾಕ ಬಂದೇನಿ.”

“ಭಾಷಣಾ? ಯಾರ ಕರದಾರ ನಿಮಗ?”

ಅಪ್ಪ ಫೋನ್ ತೆಗೆದು ‘ಎಲ್ಲರಿಗೂ ಆದರದ ಸ್ವಾಗತ’ ಎಂಬ ಸಾಲು ತೋರಿಸಿದರು. ಕಾವಲಿನವರು ಒಳ್ಳೆಯವರು, ನಕ್ಕು ಒಳಗೆ ಬಿಟ್ಟರು. ಆಡಳಿತ ಕಟ್ಟಡದ ಹಿಂದಿನ ಸಭಾಂಗಣಕ್ಕೆ ಹೋಗಿ ಕೊನೆಯ ಸಾಲಿನಲ್ಲಿ ಕೂತರು. ಮೂರು ಆಯಿತು, ನಾಲ್ಕು ಆಯಿತು. ಮುಖ್ಯ ಅತಿಥಿಗಳು ದಾರಿಯಲ್ಲಿದ್ದಾರೆ ಎಂದು ಮೈಕಿನಲ್ಲಿ ಎರಡು ಸಲ ಹೇಳಿದರು. ನಾಲ್ಕು ನಲವತ್ತಕ್ಕೆ ಪ್ರಾರ್ಥನೆ. ಆಮೇಲೆ ನಾಡಗೀತೆ, ಸ್ವಾಗತ, ಪ್ರಾಸ್ತಾವಿಕ, ಸಸಿಗೆ ನೀರು, ಶಾಲು, ಹಾರ, ಹಣ್ಣಿನ ಬುಟ್ಟಿ, ಉದ್ಘಾಟನಾ ಭಾಷಣ, ಮುಖ್ಯ ಅತಿಥಿಗಳ ಮಾತು. ನಡುವೆ ಒಂದು ಹಾಜರಾತಿ ಹಾಳೆ ಸಾಲಿನಿಂದ ಸಾಲಿಗೆ ಬಂತು. ಹೆಸರು, ತರಗತಿ, ರಿಜಿಸ್ಟರ್ ನಂಬರ್, ಸಹಿ. ತರಗತಿ ಎಂಬಲ್ಲಿ ಅಪ್ಪ ‘ಏಳನೇತ್ತೆ’ ಎಂದು ಬರೆದರು. ನಂಬರ್ ಎಂಬಲ್ಲಿ ತಮ್ಮ ಫೋನ್ ನಂಬರ್ ಬರೆದರು.

ಶಾಸನದ ವಿದ್ವಾಂಸರು ಮಾತಿಗೆ ಎದ್ದಾಗ ಐದು ಮೂವತ್ತೈದು. ಅವರು ಚೆನ್ನಾಗಿಯೇ ಮಾತಾಡಿದರಂತೆ. ಶಾಸನದ ಮೇಲೆ ಸೂರ್ಯ ಚಂದ್ರರನ್ನು ಏಕೆ ಕೊರೆಯುತ್ತಿದ್ದರು ಎಂದು ಹೇಳಿದರು. ಕೊಟ್ಟ ದಾನ ಸೂರ್ಯ ಚಂದ್ರರು ಇರುವವರೆಗೆ ನಡೆಯಲಿ ಎಂಬ ಅರ್ಥವಂತೆ. ಅಪ್ಪನಿಗೆ ಮೈ ಜುಮ್ ಎಂದಿತು. ಅಂದರೆ ತಮ್ಮೂರಿನದು ಶಾಪವಲ್ಲ, ಯಾರೋ ಯಾರಿಗೋ ಏನೋ ಕೊಟ್ಟದ್ದರ ಪತ್ರ. ಕೇಳಬೇಕು ಎಂದುಕೊಂಡರು. ಆದರೆ ಪ್ರಶ್ನೋತ್ತರ ಉಪನ್ಯಾಸದ ಕೊನೆಗೆ. ಊರಿನ ವಸ್ತಿ ಬಸ್ಸು ಸ್ಟ್ಯಾಂಡ್ ಬಿಡುವುದು ಆರೂವರೆಗೆ. ವಿಶ್ವವಿದ್ಯಾಲಯದಿಂದ ಸ್ಟ್ಯಾಂಡಿಗೆ ಸಿಟಿ ಬಸ್ಸಿನಲ್ಲಿ ಅರ್ಧ ತಾಸು. ಐದು ಐವತ್ತೈದಕ್ಕೆ ಅಪ್ಪ ಬಗ್ಗಿ ಬಗ್ಗಿ, ಯಾರ ಕಾಲೂ ತುಳಿಯದಂತೆ ಹೊರಗೆ ಬಂದರು.

ಹದಿನೈದು ದಿನಕ್ಕೆ ಅವರ ಫೋನಿಗೆ ಒಂದು ಪ್ರಮಾಣಪತ್ರ ಬಂತು. ಯಶಸ್ವಿಯಾಗಿ ಭಾಗವಹಿಸಿದ್ದಕ್ಕೆ. ಅದನ್ನು ಅವರು ಇನ್ನೂ ಅಳಿಸಿಲ್ಲ.

ಮರುವರ್ಷ ಹನುಮಪ್ಪನ ಗುಡಿಯ ಜೀರ್ಣೋದ್ಧಾರವಾಯಿತು. ಹೊಸ ಕಟ್ಟೆ ಕಟ್ಟುವಾಗ ಗೌಂಡಿಗೆ ಒಂದು ಉದ್ದನೆಯ ಕಲ್ಲು ಬೇಕಿತ್ತು. ಈಗ ಅದು ಕಟ್ಟೆಯಲ್ಲಿದೆ, ಅಕ್ಷರ ಒಳಮುಖ, ಸುತ್ತ ಸಿಮೆಂಟು. ಅಪ್ಪ ಆ ದಿನ ಊರಲ್ಲಿರಲಿಲ್ಲ. ಇದ್ದಿದ್ದರೂ ‘ಅದು ಇಂಥದ್ದು, ಮುಟ್ಟಬೇಡಿ’ ಎಂದು ಹೇಳಲು ಅವರ ಕೈಯಲ್ಲಿ ಏನಿತ್ತು, ಅರ್ಧ ಕೇಳಿದ ಭಾಷಣ ಬಿಟ್ಟರೆ?

ಇದರಲ್ಲಿ ಯಾರನ್ನು ಬೈಯುವುದು? ವಿದ್ವಾಂಸರು ತಮ್ಮ ಕೆಲಸ ಮಾಡಿದರು. ಗೌಂಡಿ ತನ್ನ ಕೆಲಸ ಮಾಡಿದ. ತಿಳಿದವರು ಮತ್ತು ತಿಳಿಯಬೇಕಾದವರು ಒಂದೇ ಕೋಣೆಯಲ್ಲಿ ಇಪ್ಪತ್ತು ನಿಮಿಷ ಕೂತಿದ್ದರು, ಮಾತಾಡಲಾಗಲಿಲ್ಲ, ಅಷ್ಟೆ. ನಡುವೆ ನಿಂತಿದ್ದು ಹಾರ, ಶಾಲು, ಹಣ್ಣಿನ ಬುಟ್ಟಿ.

ವಿಶ್ವವಿದ್ಯಾಲಯದ ಭಾಷಣ ಹಳ್ಳಿಯವರಿಗೆ ಯಾಕೆ ಎಂದು ಕೇಳುವವರಿದ್ದಾರೆ. ಅವರಿಗೆ ಸ್ವಲ್ಪ ಹಳೆಯ ಕಥೆ ಹೇಳಬೇಕು. 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾನಿಲಯ 1930ರ ದಶಕದಲ್ಲೇ ಕನ್ನಡದಲ್ಲಿ ಪ್ರಚಾರೋಪನ್ಯಾಸ ಎಂಬುದನ್ನು ಶುರುಮಾಡಿತು. ಆಗ ಕಾಲೇಜಿನ ಪಾಠವೆಲ್ಲ ಇಂಗ್ಲಿಷಿನಲ್ಲಿ. ಆದರೂ ಅಧ್ಯಾಪಕರು ಊರುಗಳಿಗೆ ಹೋಗಿ ವಿಜ್ಞಾನ, ಆರೋಗ್ಯ, ಚರಿತ್ರೆ ಇವುಗಳ ಬಗ್ಗೆ ಜನರಿಗೆ ತಿಳಿಯುವ ಕನ್ನಡದಲ್ಲಿ ಮಾತಾಡಿದರು. ಆ ಮಾತುಗಳು ಅಂಗೈಯಗಲದ ಪುಸ್ತಕಗಳಾಗಿ ಅಗ್ಗದ ಬೆಲೆಗೆ ಸಿಕ್ಕವು. ಮುಂದೆ ಕುವೆಂಪು ಕುಲಪತಿಗಳಾಗಿದ್ದಾಗ ಈ ಕೆಲಸಕ್ಕೆ ಇನ್ನಷ್ಟು ಬಲ ಬಂತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಸಾರಾಂಗವೂ ಉಪನ್ಯಾಸ ಗ್ರಂಥಮಾಲೆ ಎಂದು ಇಂಥ ಸಣ್ಣ ಪುಸ್ತಕಗಳನ್ನು ತಂದಿತು. ನಮ್ಮಲ್ಲಿ ಇಬ್ಬರ ಮನೆಯ ಅಟ್ಟದ ಮೇಲೆ ಅಜ್ಜಂದಿರ ಕಾಲದ ಅಂಥ ಪುಸ್ತಕಗಳು ಸಿಕ್ಕಿವೆ, ಇಲಿ ತಿಂದು ಉಳಿದಷ್ಟು.

‘ಪ್ರಸಾರಾಂಗ’ ಎಂಬ ಹೆಸರನ್ನೇ ನೋಡಿ. ಪ್ರಸಾರ ಮಾಡುವ ಅಂಗ. ಹರಡುವುದೇ ಅದರ ಕೆಲಸ. ಈಗ ಬಹಳ ಕಡೆ ಅದು ಪುಸ್ತಕ ಮಾರುವ ಒಂದು ಕೋಣೆ, ಮಧ್ಯಾಹ್ನ ಊಟದ ಹೊತ್ತಿನಲ್ಲಿ ಬೀಗ.

ಕನ್ನಡ ಸಂಶೋಧನ ಸಂಸ್ಥೆ ಧಾರವಾಡದಲ್ಲಿ 1939ರಲ್ಲಿ ಆರಂಭವಾಯಿತು. ಅಲ್ಲಿನ ವಿದ್ವಾಂಸರು ಹಳ್ಳಿ ಹಳ್ಳಿ ತಿರುಗಿ, ಕಲ್ಲು ತೊಳೆದು, ಒದ್ದೆ ಕಾಗದ ಹಚ್ಚಿ, ಮಸಿ ಬಡಿದು ಶಾಸನಗಳ ಅಚ್ಚು ತೆಗೆದರು. ನಾವು ಇವತ್ತು ನಮ್ಮ ಭಾಗದ ಚರಿತ್ರೆ ಎಂದು ಓದುವುದರಲ್ಲಿ ಬಹುಪಾಲು ಬಂದಿರುವುದು ಹೀಗೆ ಗುಡಿಯ ಹಿಂದೆ, ಕೆರೆಯ ದಂಡೆಯಲ್ಲಿ, ದನದ ಕೊಟ್ಟಿಗೆಯಲ್ಲಿ ನಿಂತಿದ್ದ ಕಲ್ಲುಗಳಿಂದ. ಅಂದರೆ ವಿಷಯ ಹಳ್ಳಿಯಿಂದ ಹೋಗಿದೆ. ಅದು ವಾಪಸು ಬರುವ ದಾರಿಯ ಬಗ್ಗೆ ನಾವು ಕೇಳುತ್ತಿದ್ದೇವೆ.

ಇದು ನಮ್ಮ ಬೇಡಿಕೆ ಮಾತ್ರವಲ್ಲ, ವಿಶ್ವವಿದ್ಯಾಲಯಗಳು ಒಪ್ಪಿಕೊಂಡ ಹೊಣೆಯೂ ಹೌದು. ಬೋಧನೆ, ಸಂಶೋಧನೆಯ ಜೊತೆಗೆ ವಿಸ್ತರಣೆ, ಎಂದರೆ ಜನರ ಬಳಿ ಹೋಗುವುದು, ಮೂರನೆಯ ಹೊಣೆ ಎಂದು ಯುಜಿಸಿ 1977ರಲ್ಲೇ ಹೇಳಿದೆ. ನ್ಯಾಕ್ ತಂಡ ಬಂದು ಅಂಕ ಕೊಡುವಾಗಲೂ ವಿಸ್ತರಣೆಗೆ ಜಾಗವಿದೆ. ಅದಕ್ಕೇ ಎಲ್ಲ ಕಾರ್ಯಕ್ರಮದಲ್ಲೂ ಒಬ್ಬರು ಫೋನ್ ಹಿಡಿದು ಜಿಯೋ ಟ್ಯಾಗ್ ಫೋಟೊ ತೆಗೆಯುತ್ತಿರುತ್ತಾರೆ. ಫೋಟೊದ ಮೂಲೆಯಲ್ಲಿ ದಿನಾಂಕ, ಸಮಯ, ಅಕ್ಷಾಂಶ, ರೇಖಾಂಶ ಎಲ್ಲ ಇರುತ್ತದೆ. ಕುರ್ಚಿಯಲ್ಲಿ ಕೂತವರು ಕೇಳಿದರೋ ಇಲ್ಲವೋ ಅನ್ನುವುದು ಅದರಲ್ಲಿ ಬರುವುದಿಲ್ಲ.

‘ಕರೆದರೂ ಹಳ್ಳಿಯವರು ಬರುವುದಿಲ್ಲ, ಅವರಿಗೆ ಕೂತು ಕೇಳುವ ತಾಳ್ಮೆ ಇಲ್ಲ’ ಎಂದು ನಮ್ಮ ಗುರುಗಳೊಬ್ಬರು ಹೇಳುತ್ತಿದ್ದರು. ಅವರ ಮೇಲೆ ನಮಗೆ ಗೌರವ ಇದೆ, ಆದರೆ ಈ ಮಾತು ಒಪ್ಪಲಾಗದು. ಶ್ರಾವಣದಲ್ಲಿ ನಮ್ಮೂರುಗಳಲ್ಲಿ ತಿಂಗಳಿಡೀ ಪುರಾಣ ನಡೆಯುತ್ತದೆ. ದಿನವಿಡೀ ಕಳೆ ತೆಗೆದು ಬಂದ ಹೆಣ್ಣುಮಕ್ಕಳು ರಾತ್ರಿ ಹತ್ತರವರೆಗೆ ಕೂತು ಕೇಳುತ್ತಾರೆ. ವಿಜಯಪುರದ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನಕ್ಕೆ ನಸುಕಿನಲ್ಲೇ ಸಾವಿರಾರು ಜನ ಬಂದು ಸದ್ದಿಲ್ಲದೆ ಕೂರುತ್ತಿದ್ದುದನ್ನು ಈ ಭಾಗದಲ್ಲಿ ನೋಡದವರೇ ಕಡಿಮೆ. ಅಲ್ಲಿ ಶಾಲು, ಹಾರ ಇರುತ್ತಿರಲಿಲ್ಲ. ಹೇಳಿದ ಹೊತ್ತಿಗೆ ಶುರು, ಹೇಳಿದ ಹೊತ್ತಿಗೆ ಮುಕ್ತಾಯ. ಕೇಳಿ ಎದ್ದು ಜನ ನೇರ ಹೊಲಕ್ಕೆ, ಕೆಲಸಕ್ಕೆ ಹೋಗಬಹುದಿತ್ತು. ದೊಡ್ಡಾಟ ಬೆಳತನಕ ನೋಡುವವರು ನಾವು. ತಾಳ್ಮೆಯ ಮಾತು ಬೇಡ.

ವಿಶ್ವವಿದ್ಯಾಲಯದ ಒಳಗೇ ಇನ್ನೊಂದು ಉದಾಹರಣೆ ಇದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೃಷಿಮೇಳ. ಅಲ್ಲಿಗೆ ನಾವು ಹೇಗೆ ಹೋಗುತ್ತೇವೆ? ಕ್ರೂಸರ್ ಮಾಡಿಕೊಂಡು, ಬುತ್ತಿ ಕಟ್ಟಿಕೊಂಡು, ಓಣಿಗೆ ಓಣಿಯೇ ಹೋಗುತ್ತೇವೆ. ಲಕ್ಷಗಟ್ಟಲೆ ಜನ ಸೇರುತ್ತಾರೆ. ಅದೂ ವಿಶ್ವವಿದ್ಯಾಲಯವೇ. ಅಲ್ಲಿಯೂ ವಿಜ್ಞಾನಿಗಳೇ ಮಾತಾಡುತ್ತಾರೆ. ವ್ಯತ್ಯಾಸ ಏನೆಂದರೆ ಮೇಳದ ದಿನಾಂಕ ಬಹಳ ಮೊದಲೇ ಊರಿಗೆ ಗೊತ್ತಾಗುತ್ತದೆ. ಮುಂಗಾರಿಯ ಕಳೆ ಮುಗಿದು ಹಿಂಗಾರಿ ಬಿತ್ತನೆಗೆ ಇನ್ನೂ ಬಿಡುವಿರುವ ಹೊತ್ತು ನೋಡಿ ಇಡುತ್ತಾರೆ. ಬೀಜ ಸಿಗುತ್ತದೆ, ಎತ್ತು ನೋಡಬಹುದು, ಯಂತ್ರ ಮುಟ್ಟಿ ನೋಡಬಹುದು. ಬೆಳೆಯಲ್ಲಿ ಹುಳ ಬಿದ್ದ ಎಲೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದು ಮೇಜಿನ ಮೇಲೆ ಇಟ್ಟು ‘ಇದಕ್ಕೇನ್ ಮಾಡೂಣ್ರಿ’ ಎಂದು ಕೇಳಬಹುದು. ಆ ಎಲೆಯ ಜಾಗದಲ್ಲಿ ನಮ್ಮ ಗೆಳೆಯನ ಅಪ್ಪನ ಕಲ್ಲಿನ ಫೋಟೊ ಇಟ್ಟು ನೋಡಿ. ಕೇಳುವ ಮೇಜು ಬೇಕಿತ್ತು, ಅಷ್ಟೇ.

ಈಗ ನಮ್ಮ ತಪ್ಪನ್ನೂ ಹೇಳಬೇಕು. ಓದುವಾಗ ಖಾಲಿ ಕುರ್ಚಿ ತುಂಬಿಸುವವರು ನಾವೇ ಆಗಿದ್ದೆವು. ಬೆಳಗ್ಗೆ ತರಗತಿಗೆ ಬಂದರೆ ಪಾಠ ಇಲ್ಲ, ಎಲ್ಲರೂ ಸಭಾಂಗಣಕ್ಕೆ ನಡೆಯಿರಿ, ಹಾಜರಾತಿ ಅಲ್ಲೇ. ಭಾಷಣ ಯಾವುದರ ಬಗ್ಗೆ ಎಂದು ಎಷ್ಟೋ ಸಲ ಬ್ಯಾನರ್ ನೋಡಿ ತಿಳಿದುಕೊಂಡಿದ್ದೇವೆ. ಹಿಂದೆ ಕೂತು ಫೋನ್ ನೋಡಿದ್ದೇವೆ. ಅದೇ ಹೊತ್ತಿಗೆ, ಅದೇ ಊರಿನಲ್ಲಿ, ಆ ಮಾತು ನಿಜವಾಗಿ ಬೇಕಿದ್ದವರಿಗೆ ಸುದ್ದಿಯೇ ಇರುತ್ತಿರಲಿಲ್ಲ.

ಆಮೇಲೆ ಆ ಕಾರ್ಯಕ್ರಮದ ಪತ್ರಿಕಾ ಪ್ರಕಟಣೆ ಬರೆಯುವ ಕೆಲಸವೂ ಪತ್ರಿಕೋದ್ಯಮದ ಹುಡುಗರದ್ದೇ. ನೀವು ಪೇಪರಿನಲ್ಲಿ ಓದಿರುತ್ತೀರಿ. ಇಂಥವರು ಉದ್ಘಾಟಿಸಿ ಮಾತನಾಡಿ ಯುವಕರು ದೇಶದ ಆಸ್ತಿ ಎಂದರು. ಇಂಥವರು ಅಧ್ಯಕ್ಷತೆ ವಹಿಸಿದ್ದರು. ಇಂಥವರು ಸ್ವಾಗತಿಸಿದರು, ಇಂಥವರು ನಿರೂಪಿಸಿದರು, ಇಂಥವರು ವಂದಿಸಿದರು, ಇತರರು ಉಪಸ್ಥಿತರಿದ್ದರು. ನಡುವೆ ಒಬ್ಬ ವಿದ್ವಾಂಸರು ಜೀವಮಾನದ ಓದನ್ನು ಒಂದು ತಾಸಿನಲ್ಲಿ ಹೇಳಿದ್ದರೆ ಅದಕ್ಕೆ ‘ವಿಶೇಷ ಉಪನ್ಯಾಸ ನೀಡಿದರು’ ಎಂಬ ಮೂರು ಪದ. ಅಂಥ ಸುದ್ದಿ ನಾವು ಎಷ್ಟು ಬರೆದಿದ್ದೇವೋ ಲೆಕ್ಕವಿಲ್ಲ. ಒಬ್ಬರ ಹೆಸರು ಬಿಟ್ಟರೆ ಬೈಗುಳ ಬೀಳುತ್ತಿತ್ತು. ವಿಷಯ ಬಿಟ್ಟರೆ ಯಾರೂ ಕೇಳುತ್ತಿರಲಿಲ್ಲ. ಆ ‘ಇತರರು’ ಯಾರು ಎಂದು ನಾವೂ ತಿರುಗಿ ನೋಡಲಿಲ್ಲ. ನಮ್ಮ ಗೆಳೆಯನ ಅಪ್ಪ ಅವತ್ತು ಆ ಇತರರಲ್ಲಿ ಒಬ್ಬರು.

ನಾಡಗೀತೆಗೆ ಎರಡೂವರೆ ನಿಮಿಷ ಎಂದು ಸರ್ಕಾರ 2022ರಲ್ಲಿ ಹೊತ್ತು ಗೊತ್ತುಮಾಡಿತು. ಸ್ವಾಗತ ಭಾಷಣಕ್ಕೂ ಒಂದು ಆದೇಶ ಬಂದರೆ ನಾವು ಸ್ವಾಗತಿಸುತ್ತೇವೆ, ಚಿಕ್ಕದಾಗಿ.

ದತ್ತಿ ಉಪನ್ಯಾಸದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ, ಯಾಕೆಂದರೆ ಬಹಳ ಜನರಿಗೆ ಇದು ಗೊತ್ತಿಲ್ಲ. ಯಾರೋ ತಮ್ಮ ತಂದೆ ತಾಯಿಯ ಹೆಸರಿನಲ್ಲೋ, ಮೆಚ್ಚಿದ ಲೇಖಕರ ಹೆಸರಿನಲ್ಲೋ ಒಂದಿಷ್ಟು ದುಡ್ಡನ್ನು ವಿಶ್ವವಿದ್ಯಾಲಯಕ್ಕೋ ಸಂಘಕ್ಕೋ ಕೊಡುತ್ತಾರೆ. ಅದು ಬ್ಯಾಂಕಿನಲ್ಲಿ ಠೇವಣಿಯಾಗಿ ಇರುತ್ತದೆ. ವರ್ಷವರ್ಷ ಬರುವ ಬಡ್ಡಿಯಲ್ಲಿ ಆ ಹೆಸರಿನಲ್ಲಿ ಒಂದು ಉಪನ್ಯಾಸ ನಡೆಯಬೇಕು. ಕೊಟ್ಟವರಲ್ಲಿ ನಿವೃತ್ತ ಮಾಸ್ತರರು, ಅಕ್ಕೋರು, ರೈತರು, ಸಣ್ಣ ವ್ಯಾಪಾರಿಗಳು ಎಲ್ಲ ಇದ್ದಾರೆ. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದ ಸಭಾಭವನದಲ್ಲಿ ಸಂಜೆ ಹೊತ್ತು ಇಂಥ ದತ್ತಿ ಕಾರ್ಯಕ್ರಮ ನಡೆಯುವುದನ್ನು ಧಾರವಾಡದಲ್ಲಿ ಓದಿದವರೆಲ್ಲ ನೋಡಿದ್ದೇವೆ. ಎಷ್ಟೋ ಒಳ್ಳೆಯ ಮಾತುಗಳನ್ನು ಅಲ್ಲೇ ಕೇಳಿದ್ದೇವೆ, ಬಾಡಿಗೆ ಕೋಣೆಗೆ ಹೋಗುವ ದಾರಿಯಲ್ಲಿ ಒಳಗೆ ಹೊಕ್ಕು.

ಆದರೆ ಬಹಳ ಕಡೆ ದತ್ತಿಗೆ ಆಗುವುದೇನು? ಬಡ್ಡಿ ಇಳಿದಿದೆ. ಇಪ್ಪತ್ತು ವರ್ಷದ ಹಿಂದೆ ಇಟ್ಟ ಹತ್ತು ಸಾವಿರದ ಬಡ್ಡಿಯಲ್ಲಿ ಇವತ್ತು ಬ್ಯಾನರ್ರೂ ಚಹಾನೂ ಆಗುವುದು ಕಷ್ಟ. ವರ್ಷವಿಡೀ ಮುಂದೆ ಹಾಕಿ ಮಾರ್ಚ್ ಬಂದಾಗ ಲೆಕ್ಕ ಮುಗಿಸಲು ಮೂರು ನಾಲ್ಕು ದತ್ತಿಗಳನ್ನು ಒಂದೇ ದಿನ ಕಟ್ಟಿಹಾಕುತ್ತಾರೆ. ಒಬ್ಬೊಬ್ಬರಿಗೆ ಹದಿನೈದು ನಿಮಿಷ. ಕೊಟ್ಟವರ ಮನೆಯವರು ಮೊದಲ ಸಾಲಿನಲ್ಲಿ ಕೂತು, ತಮ್ಮ ಅಪ್ಪನ ಹೆಸರು ಸರಿಯಾಗಿ ಹೇಳಿದರೆ ಸಾಕು ಎಂದು ಕಾಯುತ್ತಿರುತ್ತಾರೆ. ಅದೇ ಉಪನ್ಯಾಸವನ್ನು ಆ ದತ್ತಿ ಯಾರ ಹೆಸರಿನಲ್ಲಿದೆಯೋ ಅವರ ಹುಟ್ಟೂರಿನಲ್ಲಿ ಇಟ್ಟರೆ? ಶಾಲೆಯ ಪಟಾಂಗಣವಿದೆ, ಮೈಕು ಗಣಪತಿಯ ಹುಡುಗರ ಹತ್ತಿರ ಇದೆ, ಚಹಾ ಊರಿನವರೇ ಮಾಡುತ್ತಾರೆ. ಭಾಷಣಕಾರರಿಗೆ ಒಂದು ಕಾರು ಸಾಕು. ನೂರು ಜನ ಊರಿನಿಂದ ಬರುವುದಕ್ಕಿಂತ ಒಬ್ಬರು ಊರಿಗೆ ಬರುವುದು ಅಗ್ಗ. ಈ ಲೆಕ್ಕಕ್ಕೆ ಅರ್ಥಶಾಸ್ತ್ರ ವಿಭಾಗ ಬೇಕಿಲ್ಲ.

ಹಾಗೆ ನೋಡಿದರೆ ವಿಶ್ವವಿದ್ಯಾಲಯ ಈಗಲೂ ವರ್ಷಕ್ಕೊಮ್ಮೆ ಹಳ್ಳಿಗೆ ಬರುತ್ತದೆ, ಎನ್ನೆಸ್ಸೆಸ್ ಶಿಬಿರದ ರೂಪದಲ್ಲಿ. 1969ರಲ್ಲಿ ಶುರುವಾದ ಯೋಜನೆ. ಏಳು ದಿನ ಹುಡುಗರು ಶಾಲೆಯಲ್ಲಿ ಮಲಗುತ್ತಾರೆ, ಹಗಲು ಗಟಾರ ಬಳಿಯುತ್ತಾರೆ, ಸಂಜೆ ಸಭೆ. ನಮ್ಮಲ್ಲಿ ನಾಲ್ವರು ಇಂಥ ಶಿಬಿರ ಮಾಡಿದ್ದೇವೆ. ಸಂಜೆಯ ಅತಿಥಿಗಳು ಬಂದು ಹಳ್ಳಿಯವರಿಗೆ ಸ್ವಚ್ಛತೆಯ ಬಗ್ಗೆ, ದುಶ್ಚಟದ ಬಗ್ಗೆ ಬುದ್ಧಿ ಹೇಳುತ್ತಿದ್ದರು. ಊರಿನವರು ಮುಗಿಯಲಿ ಎಂದು ಕಾಯುತ್ತಿದ್ದರು, ಆಮೇಲೆ ಹುಡುಗರ ನಾಟಕ ಇರುತ್ತಿತ್ತಲ್ಲ. ಒಂದು ರಾತ್ರಿ ಮಾತ್ರ ಬೇರೆಯಾಯಿತು. ಬರಬೇಕಾದ ಅತಿಥಿ ಬರಲಿಲ್ಲ. ನಮ್ಮ ಜೊತೆಗಿದ್ದ ಭೂಗೋಳದ ಮೇಷ್ಟ್ರು ಸುಮ್ಮನೆ ಎದ್ದು ನಿಂತು, ಊರಿನ ನಕ್ಷೆಯನ್ನು ಸುಣ್ಣದಲ್ಲಿ ನೆಲದ ಮೇಲೆ ಬರೆದು, ನಿಮ್ಮ ಕೆರೆಗೆ ನೀರು ಎಲ್ಲಿಂದ ಬರುತ್ತಿತ್ತು ತೋರಿಸಿ ಎಂದರು. ಎರಡು ತಾಸು ಯಾರೂ ಏಳಲಿಲ್ಲ. ಮುದುಕರು ಎದ್ದು ಬಂದು ಸುಣ್ಣದ ಗೆರೆ ಕಾಲಿನಿಂದ ಅಳಿಸಿ “ಹಿಂಗಲ್ರೀ ಸರ, ಹಳ್ಳ ಹಿಂಗ್ ಬರತಿತ್ತು” ಎಂದು ತಿದ್ದಿದರು. ನಾಟಕ ಅವತ್ತು ಆಗಲೇ ಇಲ್ಲ. ನಮಗೆ ನೆನಪಿರುವ ವಿಶ್ವವಿದ್ಯಾಲಯದ ಅತ್ಯುತ್ತಮ ಉಪನ್ಯಾಸ ಅದೇ. ಅದರ ಜಿಯೋ ಟ್ಯಾಗ್ ಫೋಟೊ ಇಲ್ಲ, ಎಲ್ಲರೂ ನಕ್ಷೆ ನೋಡುತ್ತಿದ್ದೆವು.

ಸಾಂಸ್ಕೃತಿಕ ಕಾರ್ಯಕ್ರಮದ ವಿಷಯದಲ್ಲಿ ಇನ್ನೊಂದು ನೋವಿದೆ. ಹಳ್ಳಿಯವರನ್ನು ಅಲ್ಲಿಗೆ ಕರೆಯುವುದೇ ಇಲ್ಲ ಎಂದಲ್ಲ. ಡೊಳ್ಳು, ಜಗ್ಗಲಗಿ, ಜಾಂಜ್ ಮೇಳ ಬೇಕು ಎಂದಾಗ ಕರೆಯುತ್ತಾರೆ. ಒಂದು ವಿಚಾರ ಸಂಕಿರಣಕ್ಕೆ ನಮ್ಮ ಪಕ್ಕದ ಊರಿನ ಡೊಳ್ಳಿನ ಮೇಳ ಹೋಗಿತ್ತು. ಗೇಟಿನಿಂದ ಸಭಾಂಗಣದ ಮೆಟ್ಟಿಲವರೆಗೆ ಬಿಸಿಲಿನಲ್ಲಿ ಬಾರಿಸುತ್ತಾ ಅತಿಥಿಗಳನ್ನು ಕರೆತಂದರು. ಅತಿಥಿಗಳು ಒಳಗೆ ಹೋದರು, ಬಾಗಿಲು ಹಾಕಿದರು, ಏಸಿ ಇತ್ತಲ್ಲ. ಮೇಳದವರು ಹೊರಗೆ ಬೇವಿನ ಮರದ ನೆರಳಿಗೆ ಕೂತರು. ಒಳಗೆ ನಡೆಯುತ್ತಿದ್ದ ಗೋಷ್ಠಿ ಜನಪದ ಕಲೆಗಳ ಇವತ್ತಿನ ಸ್ಥಿತಿಗತಿಯ ಬಗ್ಗೆ. ಮೇಳದ ಹಿರಿಯರನ್ನು ನಾವು ಆಮೇಲೆ ಕೇಳಿದೆವು, ಒಳಗೆ ಹೋಗಿ ಕೂರಬೇಕಿತ್ತಲ್ಲ ಅಜ್ಜಾ ಎಂದು. “ಡೊಳ್ಳ ಎಲ್ಲಿ ಇಡೂದ ಯಪ್ಪಾ, ಹೊರಗ ಬಿಟ್ಟ ಹೋಗಾಕ ಬರ್ತೈತೇನು?” ಎಂದರು. ಡೊಳ್ಳಿಗೂ ಒಳಗೆ ಜಾಗ ಇರಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ. ನಮಗೂ ಹೊಳೆದಿರಲಿಲ್ಲ.

ಹಂಪಿಯ ಕನ್ನಡ ವಿಶ್ವವಿದ್ಯಾಲಯ ತನ್ನ ಘಟಿಕೋತ್ಸವವನ್ನು ನುಡಿಹಬ್ಬ ಎಂದು ಬಯಲು ರಂಗಮಂದಿರದಲ್ಲಿ ಮಾಡುತ್ತದೆ. ನಮ್ಮ ಭಾಗದಲ್ಲಿ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೇ ಇದೆ. ಹೆಗ್ಗೋಡಿನ ನೀನಾಸಂ ವಿಶ್ವವಿದ್ಯಾಲಯವಲ್ಲ, ಒಂದು ಹಳ್ಳಿಯ ಸಂಘ. ಅಲ್ಲಿಗೆ ಪ್ರತಿವರ್ಷ ಅಕ್ಟೋಬರ್ ಸುಮಾರಿಗೆ ನಾಡಿನ ಎಲ್ಲೆಡೆಯಿಂದ ಜನ ಬಂದು ಭಾಷಣ ಕೇಳುತ್ತಾರೆ, ನಾಟಕ ನೋಡುತ್ತಾರೆ. ಬಯಲು ಇದ್ದರೆ ಗೇಟು ಬೇಕಾಗುವುದಿಲ್ಲ ಎಂಬುದು ನಮ್ಮಲ್ಲಿ ಕೆಲವರಿಗೆ ಆಗಲೇ ಗೊತ್ತಿದೆ.

ವಿಶ್ವವಿದ್ಯಾಲಯಗಳ ಕಷ್ಟವೂ ನಮಗೆ ಗೊತ್ತು. ಹುದ್ದೆಗಳು ಖಾಲಿ ಇವೆ, ಅತಿಥಿ ಉಪನ್ಯಾಸಕರ ಮೇಲೆ ವಿಭಾಗಗಳು ನಡೆಯುತ್ತಿವೆ, ಪಿಂಚಣಿಗೇ ದುಡ್ಡು ಸಾಲುತ್ತಿಲ್ಲ. ಕೆಲವು ಕಾರ್ಯಕ್ರಮಗಳಿಗೆ ಅಧ್ಯಾಪಕರು ತಮ್ಮ ಕಿಸೆಯಿಂದ ಹಾಕಿದ್ದನ್ನು ನಾವೇ ನೋಡಿದ್ದೇವೆ. ಆದರೆ ಅದಕ್ಕೇ ಹೇಳುತ್ತಿರುವುದು. 2025ರ ಆರಂಭದಲ್ಲಿ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಬೇಕೋ ಹಳೆಯದರಲ್ಲಿ ಸೇರಿಸಬೇಕೋ ಎಂಬ ಚರ್ಚೆ ಸರ್ಕಾರದಲ್ಲಿ ಎದ್ದಿತು. ವಿದ್ಯಾರ್ಥಿಗಳು ಬೀದಿಗಿಳಿದರು. ನಮ್ಮೂರಿನ ಕಟ್ಟೆಯ ಮೇಲೆ ಮಾತ್ರ “ಇದ್ರೇನ್ ಹೋದ್ರೇನ್, ನಮಗೇನ್ ಮಾಡೇತಿ” ಎಂಬ ಮಾತು ಬಂತು. ಆ ಮಾತು ಕೇಳಿ ನಮಗೆ ಸಿಟ್ಟು ಬಂತು, ಯಾಕೆಂದರೆ ನಮ್ಮನ್ನು ಮನುಷ್ಯರನ್ನಾಗಿ ಮಾಡಿದ್ದು ಇಂಥದೇ ಒಂದು ಜಾಗ. ಆದರೆ ಉತ್ತರ ಕೊಡಲು ಆಗಲಿಲ್ಲ. ಊರಿನ ಸಾಲಿ ಮುಚ್ಚುತ್ತೇವೆ ಎಂದರೆ ಇದೇ ಜನ ರಸ್ತೆಗೆ ಕಲ್ಲು ಇಡುತ್ತಾರೆ. ಸಾಲಿಯ ಪಟಾಂಗಣದಲ್ಲಿ ಅವರು ಕೂತಿದ್ದಾರೆ, ಗ್ಯಾದರಿಂಗಿನಲ್ಲಿ ಮಕ್ಕಳ ಕುಣಿತ ನೋಡಿದ್ದಾರೆ. ವಿಶ್ವವಿದ್ಯಾಲಯದ ಗೇಟನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದಾರೆ.

ಹಾಗಾದರೆ ಬೇಕಾದ್ದು ಏನು? ದೊಡ್ಡದೇನೂ ಇಲ್ಲ. ತಿಂಗಳ ಕಾರ್ಯಕ್ರಮಗಳ ಒಂದು ಹಾಳೆಯನ್ನು ತಿಂಗಳ ಮೊದಲೇ ಮಾಡಿ, ಸುತ್ತಲಿನ ಗ್ರಾಮ ಪಂಚಾಯ್ತಿಗಳಿಗೆ ಕಳಿಸಿ. ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು ಪಂಚಾಯ್ತಿ ಗ್ರಂಥಾಲಯಗಳಿವೆ, ಈಗ ಅರಿವು ಕೇಂದ್ರ ಎನ್ನುತ್ತಾರೆ. ಅಲ್ಲಿನ ಗೋಡೆಗೆ ಅಂಟಿಸಲಿ. ಹಾಳೆಯಲ್ಲಿ ಅಧ್ಯಕ್ಷರು ಯಾರು, ಗೌರವ ಉಪಸ್ಥಿತಿ ಯಾರದ್ದು ಎಂಬುದು ಬೇಡ. ವಿಷಯ ಏನು, ಮಾತಾಡುವವರು ಯಾರು, ಎಷ್ಟಕ್ಕೆ ಶುರು, ಎಷ್ಟಕ್ಕೆ ಮುಗಿಯುತ್ತದೆ, ಇಷ್ಟು ಸಾಕು. ‘ಎಷ್ಟಕ್ಕೆ ಮುಗಿಯುತ್ತದೆ’ ಎಂಬುದು ಇವತ್ತಿನವರೆಗೆ ನಾವು ಯಾವ ಆಮಂತ್ರಣದಲ್ಲೂ ನೋಡಿಲ್ಲ. ಕಾರಿನಲ್ಲಿ ಬರುವವರಿಗೆ ಅದು ಬೇಕಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸಿನ ದುಡ್ಡು ಇಲ್ಲ. ಬರುವ ಖರ್ಚಿನ ತೊಂದರೆ ಅರ್ಧ ಜನಕ್ಕೆ ಹೋಗಿದೆ. ಉಳಿದದ್ದು ಕತ್ತಲಾಗುವ ಮೊದಲು ಮನೆ ಸೇರುವ ತೊಂದರೆ. ಅದನ್ನು ಗಡಿಯಾರ ನೋಡಿದರೆ ಬಗೆಹರಿಸಬಹುದು.

ಮೊದಲು ಉಪನ್ಯಾಸ ಆಗಲಿ, ಆಮೇಲೆ ಹಾರ ಶಾಲು ಆಗಲಿ. ಇದೊಂದೇ ಬದಲಾವಣೆ ಮಾಡಿದರೂ ಅರ್ಧ ಜಗಳ ಮುಗಿಯುತ್ತದೆ. ಮುಖ್ಯ ಅತಿಥಿಗಳು ತಡವಾಗಿ ಬಂದರೆ ಅವರಿಗೇ ಉಪನ್ಯಾಸ ತಪ್ಪುತ್ತದೆ, ಕೇಳಲು ಬಂದವರಿಗಲ್ಲ.

ಯೂಟ್ಯೂಬಿನಲ್ಲಿ ಹಾಕುತ್ತೇವಲ್ಲ ಎನ್ನುತ್ತಾರೆ. ನೋಡಿದ್ದೇವೆ. ಮೂರು ತಾಸಿನ ವಿಡಿಯೊ, ಮೊದಲ ಹದಿನೈದು ನಿಮಿಷ ಖಾಲಿ ವೇದಿಕೆ, ದನಿ ಬಾವಿಯೊಳಗಿಂದ ಬಂದಂತೆ. ನಮ್ಮೂರಲ್ಲಿ ದಿನದ ಡೇಟಾ ಸಂಜೆಗೆ ಮುಗಿದಿರುತ್ತದೆ. ಉಪನ್ಯಾಸವನ್ನಷ್ಟೇ ಕತ್ತರಿಸಿ ದನಿ ಮಾತ್ರ ಕಳಿಸಿದರೆ ಟ್ರ್ಯಾಕ್ಟರ್ ಮೇಲೆ ಕೂತು ಕೇಳುತ್ತಾರೆ, ಹಾಲು ಹಿಂಡುತ್ತಾ ಕೇಳುತ್ತಾರೆ. ಪತ್ರಿಕೋದ್ಯಮ ವಿಭಾಗದ ಹುಡುಗರಿಗೆ ಇದು ಒಂದು ಸಂಜೆಯ ಕೆಲಸ, ಒಳ್ಳೆಯ ಅಭ್ಯಾಸ ಕೂಡ. ಪತ್ರಿಕಾ ಪ್ರಕಟಣೆ ಬರೆಯುವುದಕ್ಕಿಂತಲೂ ಒಳ್ಳೆಯದು.

ನಮ್ಮ ಪಾಲಿನದನ್ನು ನಾವು ಶುರುಮಾಡಿದ್ದೇವೆ. ಗೊತ್ತಿರುವ ಅಧ್ಯಾಪಕರಿಗೆ, ವಿಭಾಗಗಳಿಗೆ ಫೋನ್ ಮಾಡಿ ಮುಂದಿನ ತಿಂಗಳಿನ ಕಾರ್ಯಕ್ರಮ ಕೇಳುತ್ತಿದ್ದೇವೆ. ಕೆಲವರು ಖುಷಿಯಿಂದ ಹೇಳಿದರು. ಒಬ್ಬರು “ಇನ್ನೂ ಸಾಹೇಬ್ರ ಡೇಟ್ ಸಿಕ್ಕಿಲ್ಲ” ಎಂದರು. ಇನ್ನೊಬ್ಬರು “ನಿಮ್ಮೂರಿನವ್ರು ಖರೇನ ಬರ್ತಾರಾ?” ಎಂದು ಎರಡು ಸಲ ಕೇಳಿ, ಹಾಗಿದ್ದರೆ ಮುಂದಿನ ಸಾಲು ಬಿಡಿಸುತ್ತೇನೆ ಎಂದರು. ಸಿಕ್ಕಷ್ಟನ್ನು ಹದಿನೈದು ದಿನಕ್ಕೊಮ್ಮೆ ಇಲ್ಲೇ ಹಾಕುತ್ತೇವೆ, ಪಕ್ಕದಲ್ಲಿ ಆ ದಿಕ್ಕಿನ ಬಸ್ಸುಗಳ ವೇಳೆ ಸಹಿತ. ಹೋಗಿ ಬಂದವರು ಕೇಳಿದ್ದನ್ನು ನಾಲ್ಕು ಮಾತಿನಲ್ಲಿ ದನಿಯಲ್ಲಿ ಕಳಿಸಿ. ಯಾರು ಸ್ವಾಗತಿಸಿದರು ಎಂದು ಹೇಳುವುದು ಬೇಡ.

ಮೊನ್ನೆ ಗೆಳೆಯ ಊರಿಗೆ ಹೋದಾಗ ಅಪ್ಪನಿಗೆ ಒಂದು ಹೊಸ ಆಮಂತ್ರಣ ತೋರಿಸಿದ. ಡಿಸೆಂಬರಿನಲ್ಲಿ, ಈ ಭಾಗದ ಕೆರೆಗಳ ಮೇಲೆ ಮಾತು. ಅಪ್ಪ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು, ಹೆಸರುಗಳನ್ನೂ ಬಿಡದೆ. ಆಮೇಲೆ ಫೋನ್ ವಾಪಸು ಕೊಟ್ಟು, “ಎಷ್ಟಕ್ಕ ಮುಗಿತೈತಿ ಕೇಳ್ ನೋಡು” ಎಂದರು. ಗೆಳೆಯ ಕೇಳಿದ್ದಾನೆ. ಉತ್ತರ ಇನ್ನೂ ಬಂದಿಲ್ಲ.